ಅಂಡಮಾನಿನಲ್ಲಿ ಗದ್ದಲ ಇಲ್ಲದ ಜಾಗ ಯಾವುವು?

ಹಾವೇರಿಯಿಂದ ಅಪ್ಪ-ಅವ್ವನನ್ನು ಕರೆದುಕೊಂಡು ಹೊರಟಿದ್ದೀರಿ, ವಾಟರ್ ಸ್ಪೋರ್ಟ್ಸ್ ಬೇಡ ಅಂದಿದ್ದೀರಿ. ಹಾಗಾದರೆ ನನ್ನ ಓಟು ನೀಲ್ ದ್ವೀಪಕ್ಕೆ. 2018ರಿಂದ ಇದರ ಹೆಸರು ಶಹೀದ್ ದ್ವೀಪ. ಪೋರ್ಟ್ ಬ್ಲೇರ್‌ನಿಂದ (ಈಗಿನ ಹೆಸರು ಶ್ರೀ ವಿಜಯಪುರಂ) ಹಡಗಿನಲ್ಲಿ ಹೋಗಬೇಕು. ಹೆಚ್ಚು ಏರಿಳಿತ ಇಲ್ಲದ ಪುಟ್ಟ ಊರು, ಬಾಡಿಗೆ ಸೈಕಲ್ ಸಾಕು. ದಾರಿಯುದ್ದಕ್ಕೂ ಗದ್ದೆ, ಬಾಳೆ, ಅಡಿಕೆ. ಥೇಟ್ ನಮ್ಮ ಶಿರಸಿ ಕಡೆ ಬಂದ ಹಾಗೆ! ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದವರು ಇಲ್ಲಿ ನೆಲೆಸಿದರು. ಹಾಗಾಗಿ ಮಾತು ಬಂಗಾಳಿ, ಊಟ ಅನ್ನ-ಮೀನು. ರೊಟ್ಟಿ ಇಲ್ಲದೆ ಆಗಲ್ಲ ಅನ್ನುವವರು ಕಟಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗಿ.

ಲಕ್ಷ್ಮಣಪುರ ದಂಡೆಯ ಹತ್ತಿರ ಹವಳದ ಬಂಡೆಯ ಕಮಾನು ಇದೆ. ನೀರು ಇಳಿದಾಗ ಮಾತ್ರ ಅಲ್ಲಿಗೆ ನಡೆದು ಹೋಗಬಹುದು, ಇಳಿತದ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಕಾಲಡಿ ಜಾರುತ್ತದೆ, ಹಿರಿಯರ ಕೈ ಹಿಡಿದುಕೊಳ್ಳಿ.

ಪೋರ್ಟ್ ಬ್ಲೇರ್ ಎದುರಿಗಿನ ರಾಸ್ ದ್ವೀಪವನ್ನೂ (ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ) ಬಿಡಬೇಡಿ. ಬ್ರಿಟಿಷರ ಆಡಳಿತ ನಡೆದದ್ದು ಅಲ್ಲಿಂದಲೇ. ಈಗ ಅವರ ಚರ್ಚು, ಬಂಗಲೆಗಳ ಗೋಡೆಗಳನ್ನು ಮರದ ಬೇರುಗಳು ತಬ್ಬಿಕೊಂಡಿವೆ, ನಡುವೆ ಜಿಂಕೆಗಳು ಸುಮ್ನೆ ಮೇಯುತ್ತಿರುತ್ತವೆ. ನನಗೆ ಸೆಲ್ಯುಲರ್ ಜೈಲಿಗಿಂತ ಇದೇ ಜಾಸ್ತಿ ಕಾಡಿತು.

ಧಾರವಾಡಕ್ಕಿಂತ ಅಲ್ಲಿ ಒಂದು ತಾಸಿಗೂ ಮೊದಲೇ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಬೆಳಿಗ್ಗೆ ಬೇಗ ಹೊರಡಿ. ಮತ್ತೆ, ಹವಳದ ತುಂಡು ಎತ್ತಿಕೊಂಡು ಬರಬೇಡಿ, ಅದು ಕಾನೂನಿಗೆ ವಿರುದ್ಧ.