ಪ್ರತಿಕ್ರಿಯೆ: ಇಗ್ನೋ ಎಂಎಸ್‌ಡಬ್ಲ್ಯೂ ಅರ್ಜಿ ಡೆಬ್ ಐಡಿ ಹತ್ರ ನಿಂತೈತಿ

ಇಗ್ನೋದ ಎಂಎಸ್‌ಡಬ್ಲ್ಯೂ (ಸಮಾಜ ಕಾರ್ಯದ ಸ್ನಾತಕೋತ್ತರ ಪದವಿ) ಅರ್ಜಿ ಹಾಕಾಕ ಹೋದ್ರ ಡೆಬ್ ಐಡಿ, ಅಂದ್ರ ದೂರಶಿಕ್ಷಣ ಸೇರೋರಿಗೆ ಯುಜಿಸಿ ಕೊಡೋ ಐಡಿ, ಮಾಡೋ ಹಂತದಾಗ ಎರರ್ ಬರ್ತೈತಿ, ಡಿಗ್ರಿ ತೊಂದ್ರೆ ಏನು ಅಂತ ಕೇಳಿದ್ರಿ. ಇದು ಬಹುಶಃ ಹೆಸರಿನ ತೊಂದ್ರೆ. ಎರರ್ ಪೂರ್ತಿ ಹಾಕಿಲ್ಲ ನೀವು, ಆದ್ರ 'ಮಿಸ್‌ಮ್ಯಾಚ್' ಅಂತ ಬಂದೈತಿ ಅಂದ್ರ ಅದೇ, ಡಿಗ್ರಿದಲ್ಲ. ನಮ್ಮ ಕೊಪ್ಪಳ ಕಡೆ ಮಾಮೂಲಿ, ಮಾರ್ಕ್ಸ್ ಕಾರ್ಡಿನ್ಯಾಗ 'ರೇಣುಕಾ ಬಿ', ಆಧಾರ್‌ನ್ಯಾಗ 'ರೇಣುಕಾ ಬಸಪ್ಪ'.

ಮೊದ್ಲು ಡಿಜಿಲಾಕರ್ ತೆಗೆದು ಎಬಿಸಿ ಐಡಿಯಾಗ (ವಿದ್ಯಾರ್ಥಿಯ ಓದಿನ ಕ್ರೆಡಿಟ್ ಕೂಡಿಡೋ ಖಾತೆ ಐಡಿ) ಹೆಸರು, ಹುಟ್ಟಿದ ತಾರೀಖು ಹೆಂಗ ಬಂದಾವ ನೋಡ್ರಿ, ಅಲ್ಲಿದ್ದಂಗ ಸ್ಪೇಸ್ ಸಮೇತ ಡೆಬ್ ಫಾರಂನ್ಯಾಗ ಟೈಪ್ ಮಾಡ್ರಿ, ಎಷ್ಟೋ ಮಂದಿಗೆ ಇಷ್ಟಕ್ಕ ಮುಗೀತೈತಿ. ಆಗ್ಲಿಲ್ಲಂದ್ರ ಎಸ್ಸೆಸ್ಸೆಲ್ಸಿ ಒರಿಜಿನಲ್ ಹಿಡ್ಕೊಂಡು ಆಧಾರ್ ಸೆಂಟರ್‌ಗೆ ಹೋಗ್ರಿ. ಹೆಸರು ಜನ್ಮಕ್ಕ 2 ಸಲ ಅಷ್ಟೇ ಬದಲಿಸಾಕ ಬರ್ತೈತಿ, ಅದಕ್ಕ ಆಪರೇಟರ್ ಸಬ್ಮಿಟ್ ಒತ್ತೋಕಿಂತ ಮುಂಚೆ ಸ್ಕ್ರೀನ್ ಮ್ಯಾಲಿನ ಇಂಗ್ಲಿಷ್ ಸ್ಪೆಲಿಂಗ್ ಒಂದೊಂದ ಅಕ್ಷರ ನೀವೇ ಓದ್ರಿ, ಅವಸರ ಮಾಡ್ತಾರ, ಬಿಡಬ್ಯಾಡ್ರಿ. ಅಪ್‌ಡೇಟ್ ಆದಮ್ಯಾಲೆ ಡಿಜಿಲಾಕರ್‌ನ್ಯಾಗೂ ಬದಲಾಗೇತೇನು ನೋಡಿ, ಆಮ್ಯಾಲೆ ಡೆಬ್ ಐಡಿ, ಅದರ ಹಿಂದ ಇಗ್ನೋ ಫಾರಂ. ಈ ಸಲ ತಪ್ಪಿದ್ರೂ ಜನವರಿ, ಜುಲೈ ಎರಡೂ ಸೆಷನ್ ಅದಾವ.

ಮಕ್ಕಳ ರಕ್ಷಣಾ ಘಟಕದ ಡ್ಯೂಟಿ ಜೊತಿ ಈ ಕೋರ್ಸ್ ಆಗ್ತೈತೇನು ಅಂತಾನೂ ಕೇಳಿದ್ರಿ. ಕೋರ್ಸ್ 2 ವರ್ಷದ್ದು, ಮುಗಸಾಕ 4 ವರ್ಷ ಟೈಮ್ ಐತಿ, ಥಿಯರಿ ನಡದ ಹೋಗ್ತೈತಿ. ಕಷ್ಟ ಇರೋದು ಫೀಲ್ಡ್ ವರ್ಕ್. ಹೆಂಗಿದ್ರೂ ದಿನಾ ಮಕ್ಕಳ ಮನಿ ಭೇಟಿಗೆ ಹೋಗ್ತೀರಿ, ಆದ್ರ ನಿಮ್ಮ ಆ ಕೆಲಸಾನೇ ಫೀಲ್ಡ್ ವರ್ಕ್ ಅಂತ ಲೆಕ್ಕಕ್ಕ ಹಿಡೀತಾರಂತ ಅಂದ್ಕೋಬ್ಯಾಡ್ರಿ, ಫೀ ಕಟ್ಟೋಕಿಂತ ಮುಂಚೆ ಸ್ಟಡಿ ಸೆಂಟರ್‌ನ್ಯಾಗ ಕೇಳಿ, ಉತ್ತರ ಮೇಲ್‌ನ್ಯಾಗ ಬರಸ್ಕೊಳ್ರಿ.