ಹಳೆಯ ಯುದ್ಧವಿಮಾನಗಳನ್ನು ಹಾರಿಸೋಕೆ ಯಾಕಷ್ಟು ಖರ್ಚು? ಆದರೂ ಯಾಕೆ ಹಾರಿಸುತ್ತಾರೆ?

ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗಳು ಈಗಿಲ್ಲ, ಖರ್ಚು ಜಾಸ್ತಿಯಾಗಲು ಮುಖ್ಯ ಕಾರಣ ಅದೇ. ಎರಡನೇ ಮಹಾಯುದ್ಧದಲ್ಲಿ ಹಾರಾಡಿದ ಬ್ರಿಟನ್ನಿನ ಸ್ಪಿಟ್‌ಫೈರ್ ವಿಮಾನಗಳು 20,000ಕ್ಕೂ ಹೆಚ್ಚು ತಯಾರಾಗಿದ್ದವು, ಆಗ ಒಂದು ಭಾಗ ಹಾಳಾದರೆ ಗೋದಾಮಿನಿಂದ ಇನ್ನೊಂದು ಬರುತ್ತಿತ್ತು. ಈಗ ಅದನ್ನೇ ಹಳೆಯ ನಕ್ಷೆ ನೋಡಿ ಒಂದೋ ಎರಡೋ ಮಾಡಿಸಬೇಕು, ಪರೀಕ್ಷೆ ಮಾಡಿಸಬೇಕು, ಸುರಕ್ಷಿತ ಅಂತ ಪ್ರಮಾಣಪತ್ರವನ್ನೂ ಪಡೆಯಬೇಕು. ಜೊತೆಗೆ ಹಾರಿದಷ್ಟೂ ಲೋಹ ದಣಿಯುತ್ತದೆ, ಅಂದರೆ ಒತ್ತಡ ಮತ್ತೆ ಮತ್ತೆ ಬಿದ್ದು ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟುತ್ತವೆ. ಹಾಗಾಗಿ ಇಂತಿಷ್ಟು ಗಂಟೆ ಹಾರಿದ ಮೇಲೆ ಬಿಚ್ಚಿ ನೋಡಲೇಬೇಕು.

ದುಡ್ಡೊಂದೇ ಸಾಲದು. ಬ್ರಿಟನ್ನಿನ ವಲ್ಕನ್ ಬಾಂಬರ್ ಒಂದು ಜನರ ದೇಣಿಗೆ ಮತ್ತು ಲಾಟರಿ ನಿಧಿಯ ನೆರವಿನಿಂದ 2007ರಲ್ಲಿ ಮತ್ತೆ ಹಾರಿತು. 2015ರಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಯಾಕೆಂದರೆ ತಾಂತ್ರಿಕ ಬೆಂಬಲ ಕೊಡುತ್ತಿದ್ದ ಕಂಪನಿಗಳು ಹಿಂದೆ ಸರಿದವು.

ಆದರೂ ಯಾಕೆ ಅಂದರೆ, ಮ್ಯೂಸಿಯಂನಲ್ಲಿ ಆಕಾರ ಮಾತ್ರ ಕಾಣುತ್ತದೆ. ಸ್ಪಿಟ್‌ಫೈರ್‌ನಂಥ ವಿಮಾನಗಳಲ್ಲಿರುವ 12 ಸಿಲಿಂಡರ್, 27 ಲೀಟರ್‌ನ ಮರ್ಲಿನ್ ಎಂಜಿನ್ ತಲೆ ಮೇಲೆ ಗುಡುಗುತ್ತಾ ಹೋದಾಗ ಎದೆ ನಡುಗುತ್ತದಲ್ವಾ, ಅದು ಸುಮ್ನೆ ನಿಂತ ವಿಮಾನದಿಂದ ಸಿಗಲ್ಲ. ನನ್ನ ಪ್ರಕಾರ ಇನ್ನೂ ದೊಡ್ಡ ಕಾರಣ ಕೈಕೆಲಸ: ಇವನ್ನು ರಿಪೇರಿ ಮಾಡುವ, ಹಾರಿಸುವ ವಿದ್ಯೆ ಬಳಕೆಯಲ್ಲಿದ್ದರೆ ಮಾತ್ರ ಮುಂದಿನವರಿಗೆ ದಾಟುತ್ತದೆ.