ಓದುಗರ ಪ್ರಶ್ನೆ, ವೈದ್ಯರ ಉತ್ತರ: ಔಷಧಿಗೆ ಬಗ್ಗದ ಕ್ಷಯ

ಪ್ರಶ್ನೆ: ನನ್ನ ತಮ್ಮ ಪುಣೆಗೆ ಕಟ್ಟಡದ ಕೆಲಸಕ್ಕೆಂದು ಗುಳೆ ಹೋಗಿದ್ದಾಗ ಕ್ಷಯ ಕಾಣಿಸಿಕೊಂಡು, ಅಲ್ಲಿಯೇ ಎರಡು ತಿಂಗಳು ಗುಳಿಗೆ ನುಂಗಿದ. ಕೆಮ್ಮು ನಿಂತು ಮೈ ತುಂಬಿಕೊಂಡಿತು. ಊರಿಗೆ ಬಂದವನು ನೆನಪಾದಾಗ ಒಂದಿಷ್ಟು ನುಂಗಿ ಕಡೆಗೆ ಬಿಟ್ಟೇಬಿಟ್ಟ. ಈಗ ಕಫದಲ್ಲಿ ರಕ್ತ ಬರುತ್ತಿದೆ, ವರದಿಯಲ್ಲಿ ರಿಫಾಂಪಿಸಿನ್‌ಗೆ ಪ್ರತಿರೋಧವಿದೆ ಎಂದು ಬರೆದಿದ್ದಾರೆ. ಅವನ ಮೈಗೆ ಔಷಧಿ ಒಗ್ಗಿಹೋಗಿದೆ ಎಂದು ಮನೆಯವರು ಹೇಳುತ್ತಾರೆ. ಅದೇ ಗುಳಿಗೆಯನ್ನು ಹೆಚ್ಚು ಪ್ರಮಾಣದಲ್ಲಿ ಕೊಡಬಹುದೇ?
— ಓದುಗರೊಬ್ಬರು, ಚಿಂಚೋಳಿ ತಾಲ್ಲೂಕು

ಉತ್ತರ: ಕೊಡಬಾರದು. ನಿಮ್ಮ ತಮ್ಮನ ಮೈಯಲ್ಲಿ ಏನೂ ಒಗ್ಗಿಲ್ಲ. ಬದಲಾಗಿರುವುದು ಅವರ ಶ್ವಾಸಕೋಶದಲ್ಲಿರುವ ರೋಗಾಣು. ರಿಫಾಂಪಿಸಿನ್ ರೋಗಾಣುವಿನ ಯಾವ ಕಿಣ್ವವನ್ನು ಹಿಡಿದು ಅದನ್ನು ಕೊಲ್ಲುತ್ತದೆಯೋ ಆ ಕಿಣ್ವದ ರಚನೆಯೇ ಬದಲಾಗಿರುವುದರಿಂದ, ಪ್ರಮಾಣ ಹೆಚ್ಚಿಸಿದರೆ ಹೊರೆ ಬೀಳುವುದು ಯಕೃತ್ತಿಗೆ ಮಾತ್ರ.

ಇಂಥ ಬದಲಾವಣೆ ಔಷಧಿ ನುಂಗಿದ್ದರಿಂದ ಹುಟ್ಟುವುದಿಲ್ಲ, ರೋಗಾಣು ಬೆಳೆಯುವಾಗಲೇ ಆಕಸ್ಮಿಕವಾಗಿ ಆಗುತ್ತಿರುತ್ತದೆ. ಸುಮಾರು 10 ಲಕ್ಷ ರೋಗಾಣುಗಳಲ್ಲಿ ಒಂದಕ್ಕೆ ಐಸೋನಿಯಾಜಿಡ್ ಎಂಬ ಇನ್ನೊಂದು ಕ್ಷಯದ ಔಷಧಿ ತಟ್ಟುವುದಿಲ್ಲ, ಸುಮಾರು 10 ಕೋಟಿಯಲ್ಲಿ ಒಂದಕ್ಕೆ ರಿಫಾಂಪಿಸಿನ್ ತಟ್ಟುವುದಿಲ್ಲ. ಶ್ವಾಸಕೋಶದಲ್ಲಿ ಗುಳಿ ಬಿದ್ದವರಲ್ಲಿ 10 ಕೋಟಿಗೂ ಮಿಕ್ಕಿ ರೋಗಾಣುಗಳಿರಬಹುದಾದ್ದರಿಂದ, ಒಂದೇ ಔಷಧಿ ಕೊಟ್ಟರೆ ಅದಕ್ಕೆ ಬಗ್ಗದ ಕೆಲವು ಉಳಿದೇ ಉಳಿಯುತ್ತವೆ. ಮೊದಲ ಎರಡು ತಿಂಗಳು ನಾಲ್ಕು, ನಂತರದ ನಾಲ್ಕು ತಿಂಗಳು ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವುದು ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗಲಿ ಎಂದೇ. ಮೊದಲ ವಾರಗಳಲ್ಲಿ ವೇಗವಾಗಿ ಬೆಳೆಯುವ ರೋಗಾಣುಗಳು ಸಾಯುವುದರಿಂದ ಕೆಮ್ಮು ನಿಲ್ಲುತ್ತದೆ, ಹಸಿವು ಹುಟ್ಟುತ್ತದೆ, ಆದರೆ ಮಂದಗತಿಯವು ಒಳಗೇ ಇರುತ್ತವೆ. ಔಷಧಿಯನ್ನು ಪೂರ್ತಿ ಬಿಟ್ಟವರಲ್ಲಿ ಮರುಕಳಿಸುವ ಕ್ಷಯ ಎಷ್ಟೋ ಸಲ ಹಳೆಯ ಗುಳಿಗೆಗಳಿಗೇ ಬಗ್ಗುತ್ತದೆ. ಒಂದು ದಿನ ನುಂಗಿ ಮೂರು ದಿನ ಬಿಡುವ ರೂಢಿಯೇ ಅದಕ್ಕಿಂತ ಅಪಾಯಕಾರಿ, ಏಕೆಂದರೆ ಅದರಿಂದ ಬಗ್ಗುವ ರೋಗಾಣುಗಳು ಸತ್ತು ಬಗ್ಗದವುಗಳಿಗೆ ಜಾಗ ತೆರವಾಗುತ್ತದೆ. ಆದರೂ ತಮ್ಮನನ್ನು ದೂರುವ ಮೊದಲು ಪುಣೆಯ ಮೊದಲ ಕಫ ಪರೀಕ್ಷೆಯ ವರದಿಯನ್ನು ತರಿಸಿ ನೋಡಿ. ಪ್ರತಿರೋಧ ಆಗಲೇ ಇದ್ದಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಕಫ ಪರೀಕ್ಷಿಸುವ ಸಿಬಿನ್ಯಾಟ್ ಅಥವಾ ಟ್ರೂನಾಟ್ ಯಂತ್ರ ರಿಫಾಂಪಿಸಿನ್ ಪ್ರತಿರೋಧವನ್ನಷ್ಟೇ ಹೇಳುತ್ತದೆ. ಐಸೋನಿಯಾಜಿಡ್ ಮತ್ತು ಲಿವೊಫ್ಲಾಕ್ಸಾಸಿನ್ ಗುಂಪಿನ ಔಷಧಿಗಳು ಕೆಲಸ ಮಾಡುತ್ತವೆಯೇ ಎಂಬುದನ್ನು ತಿಳಿಯಲು ಇನ್ನೊಂದು ಕಫದ ಮಾದರಿ ದೊಡ್ಡ ಪ್ರಯೋಗಾಲಯಕ್ಕೆ ಹೋಗಬೇಕಾಗುತ್ತದೆ. ಈ ನಡುವೆ ಕೆಮ್ಮು ತಡೆಯಲಾರದೆ ಔಷಧಿ ಅಂಗಡಿಯಿಂದ ಲಿವೊಫ್ಲಾಕ್ಸಾಸಿನ್ ತಂದು ನುಂಗಿಸಬೇಡಿ. ಸೋಲುತ್ತಿರುವ ಚಿಕಿತ್ಸೆಗೆ ಒಂದೇ ಒಂದು ಹೊಸ ಔಷಧಿ ಸೇರಿಸಿದರೆ ಅದೂ ಕೈತಪ್ಪಿಹೋಗುತ್ತದೆ ಎಂಬುದು ಕ್ಷಯ ಚಿಕಿತ್ಸೆಯ ಹಳೆಯ ಪಾಠ. ಚೀಟಿಯಿಲ್ಲದೆ ಈ ಗುಳಿಗೆ ಮಾರುವ ಅಂಗಡಿಗಳ ಬಗ್ಗೆ ನನಗೆ ಸಿಟ್ಟಿದೆ ಎಂದೂ ಇಲ್ಲಿ ಹೇಳಿಬಿಡುತ್ತೇನೆ.

ಈ ಕ್ಷಯಕ್ಕೆ ಹಿಂದೆ 18ರಿಂದ 20 ತಿಂಗಳು ಗುಳಿಗೆ, ಅದರ ಜೊತೆಗೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಬೇಕಿತ್ತು. ಆ ಸೂಜಿಯಿಂದ ಕಿವಿ ಕಳೆದುಕೊಂಡವರಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಕ್ರಮದಲ್ಲಿ ಬೆಡಾಕ್ವಿಲಿನ್, ಪ್ರೆಟೊಮ್ಯಾನಿಡ್, ಲಿನೆಜೋಲಿಡ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಗುಳಿಗೆಗಳನ್ನು ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಸೂಜಿ ಇಲ್ಲ. ಇದು ಎಲ್ಲರಿಗೂ ಹೊಂದುವುದಿಲ್ಲ, ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಬೇರೆ ಕ್ರಮವಿದೆ. ಬೆಡಾಕ್ವಿಲಿನ್‌ನಿಂದ ಹೃದಯದ ಬಡಿತದಲ್ಲಿ ಏರುಪೇರಾಗಬಹುದಾದ್ದರಿಂದ ಆಗಾಗ ಇಸಿಜಿ ಮಾಡುತ್ತಾರೆ. ಲಿನೆಜೋಲಿಡ್ ರಕ್ತವನ್ನೂ ನರಗಳನ್ನೂ ಕೆಡಿಸಬಲ್ಲದು. ಅಂಗಾಲು ಜುಮುಗುಟ್ಟುವುದು, ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿದ್ದೂ ತಿಳಿಯದಿರುವುದು, ಕಣ್ಣು ಮಂಜಾಗುವುದು ಇವುಗಳಲ್ಲಿ ಯಾವುದು ಕಂಡರೂ ಗುಳಿಗೆಯನ್ನು ತಾವಾಗಿಯೇ ಬಿಡದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ತಮ್ಮ ಮತ್ತೆ ಪುಣೆಗೆ ಹೊರಟರೆ, ಬಸ್ಸು ಹತ್ತುವ ಮೊದಲೇ ಕ್ಷಯ ಘಟಕದವರಿಗೆ ಹೇಳಿದರೆ ನಿಕ್ಷಯ್ (ಕ್ಷಯರೋಗಿಗಳನ್ನು ದಾಖಲಿಸುವ ಸರ್ಕಾರಿ ಜಾಲತಾಣ) ಸಂಖ್ಯೆಯ ಮೇಲೆ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸುತ್ತಾರೆ.

ಪ್ರಶ್ನೆ: ನನ್ನ ಗಂಡ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ಕೆಲಸದಲ್ಲಿದ್ದಾರೆ. ಹಿಂದೆಂದೂ ಕ್ಷಯದ ಗುಳಿಗೆ ನುಂಗಿದವರಲ್ಲ. ಆದರೂ ಮೊದಲ ಪರೀಕ್ಷೆಯಲ್ಲೇ ಎಂಡಿಆರ್ ಎಂದರು. ಕಲ್ಲಿನ ದೂಳು ಇದಕ್ಕೆ ಕಾರಣವೇ? ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ.
— ಓದುಗರೊಬ್ಬರು, ಶಹಾಬಾದ್

ಉತ್ತರ: ಸಿಲಿಕಾ ಇರುವ ದೂಳು ಶ್ವಾಸಕೋಶದ ರಕ್ಷಣೆಯನ್ನು ಕುಗ್ಗಿಸಿ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ, ಆದರೆ ಪ್ರತಿರೋಧವನ್ನು ಹುಟ್ಟಿಸುವುದಿಲ್ಲ. ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯಕ್ಕೆ ಎಂಡಿಆರ್ ಎನ್ನುತ್ತಾರೆ. ಅಂಥ ರೋಗಾಣುವೂ ಕೆಮ್ಮಿದಾಗ ಗಾಳಿಯಲ್ಲಿ ಹರಡಿ ನೇರವಾಗಿ ಇನ್ನೊಬ್ಬರನ್ನು ಸೇರುತ್ತದೆ. ನಿಮ್ಮ ಯಜಮಾನರಿಗೆ ಬಂದದ್ದು ಹೀಗೆಯೇ, ಅವರ ಕಡೆಯಿಂದ ಯಾವ ತಪ್ಪೂ ಆಗಿಲ್ಲ. ಮಕ್ಕಳನ್ನೂ ನಿಮ್ಮನ್ನೂ ಈ ವಾರವೇ ತಪಾಸಣೆ ಮಾಡಿಸಿ. ಕ್ಷಯವಿಲ್ಲವೆಂದು ಖಚಿತವಾದ ಮೇಲೆ, ಮುಂಜಾಗ್ರತೆಗಾಗಿ ಆರು ತಿಂಗಳು ಲಿವೊಫ್ಲಾಕ್ಸಾಸಿನ್ ಕೊಡುವ ಕ್ರಮವಿದೆ. ಸಾಮಾನ್ಯ ಕ್ಷಯರೋಗಿಯ ಮನೆಯವರಿಗೆ ಕೊಡುವ ಐಸೋನಿಯಾಜಿಡ್ ಇಲ್ಲಿ ಪ್ರಯೋಜನಕ್ಕೆ ಬಾರದು. ಮೊದಲ ಪ್ರಶ್ನೆಗೆ ಉತ್ತರಿಸುವಾಗ ಅಂಗಡಿಯ ಲಿವೊಫ್ಲಾಕ್ಸಾಸಿನ್ ಬಗ್ಗೆ ಅಷ್ಟು ಹೇಳಿದ್ದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ: ಖಾಸಗಿ ವೈದ್ಯರಲ್ಲಿ ಚಿಕಿತ್ಸೆ ಪಡೆಯುವವರಿಗೂ ಪೌಷ್ಟಿಕ ಆಹಾರದ ಹಣ ಸಿಗುತ್ತದೆಯೇ?
— ಓದುಗರೊಬ್ಬರು, ಸುರಪುರ

ಉತ್ತರ: ಸಿಗುತ್ತದೆ, ವೈದ್ಯರು ನಿಮ್ಮ ಹೆಸರನ್ನು ನಿಕ್ಷಯ್‌ನಲ್ಲಿ ದಾಖಲಿಸಿರಬೇಕು, ಹಾಗೆ ತಿಳಿಸುವುದು 2012ರಿಂದಲೂ ಅವರಿಗೆ ಕಡ್ಡಾಯ. 2018ರಲ್ಲಿ ತಿಂಗಳಿಗೆ ₹500 ಇದ್ದ ನೆರವು 2024ರ ನವೆಂಬರ್‌ನಿಂದ ₹1000 ಆಗಿದೆ ಮತ್ತು ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. ಬಾರದಿದ್ದರೆ ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ, ಇಲ್ಲವೇ ನಿಕ್ಷಯ್ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ.